ನದಿಯನ್ನು ಕಾಯ್ದ ಪರದೇಶಿ ಮೀನು

ಅಕ್ಟೋಬರ್ ಕೊನೆಯ ವಾರದ ಒಂದು ಬೆಳಗು. ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಗುಶೈನಿ ಎಂಬ ಸಣ್ಣ ಊರಿನಲ್ಲಿ ತೀರ್ಥನ್ ನದಿಗೆ ಫಲಾಚನ್ ಎಂಬ ತೊರೆ ಬಂದು ಸೇರುತ್ತದೆ. ಆ ತೊರೆಯ ದಡ ಹಿಡಿದು ಅರ್ಧ ಗಂಟೆ ಮೇಲಕ್ಕೆ ನಡೆದು, ಬಂಡೆಗಳ ನಡುವಿನ ಒಂದು ಮಡುವಿನ ಬಳಿ ನಿಂತಿದ್ದೆ. ಕೈಯಲ್ಲಿ ಎಂಟು ಅಡಿಯ ಹಗುರವಾದ ಗಾಳದ ಕೋಲು. ಜೇಬಿನಲ್ಲಿ ಮೀನುಗಾರಿಕೆ ಇಲಾಖೆ ಕೊಟ್ಟ ಒಂದು ದಿನದ ಪರವಾನಗಿ ಚೀಟಿ. ಇನ್ನು ಐದು ದಿನ ಕಳೆದರೆ ಅಂಥ ಚೀಟಿ ಯಾರಿಗೂ ಸಿಗುವುದಿಲ್ಲ. ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಹಿಮಾಚಲದ ಟ್ರೌಟ್ ನೀರಿನಲ್ಲಿ ಗಾಳ ಹಾಕುವುದು ನಿಷಿದ್ಧ. ಅದು ಮೀನಿನ ಬಾಣಂತನದ ಕಾಲ.

ಮಡುವಿನ ಆಚೆ ದಡಕ್ಕೆ ಹೋಗಲು ಮೊಣಕಾಲುದ್ದದ ನೀರಿನಲ್ಲಿ ಒಂದು ಹೆಜ್ಜೆ ಇಟ್ಟೆ. ಎರಡನೆಯದನ್ನು ಇಡುವ ಮೊದಲೇ ಜೊತೆಗಿದ್ದ ಮಾರ್ಗದರ್ಶಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಐವತ್ತು ದಾಟಿದ ವಯಸ್ಸು, ಸ್ವಂತ ಸೇಬಿನ ತೋಟ, ಬಿಡುವಿನ ದಿನಗಳಲ್ಲಿ ಗಾಳಗಾರರಿಗೆ ದಾರಿ ತೋರಿಸುವ ಕೆಲಸ. ‘ಅಲ್ಲಿ ಕಾಲಿಡಬೇಡಿ ಸಾಬ್’ ಎಂದರು. ಅವರು ತೋರಿಸಿದ ಕಡೆ ನೋಡಿದೆ. ಪಾಚಿ ಹಿಡಿದು ಕಪ್ಪಾಗಿದ್ದ ತಳದ ನಡುವೆ ಊಟದ ತಟ್ಟೆಯಷ್ಟು ಅಗಲದ ಜಾಗದಲ್ಲಿ ಮಾತ್ರ ಸಣ್ಣ ಕಲ್ಲುಗಳು ತೊಳೆದಿಟ್ಟಂತೆ ಬೆಳ್ಳಗಿದ್ದವು. ‘ಅದು ಮೀನಿನ ತೊಟ್ಟಿಲು. ಈ ವರ್ಷ ಸ್ವಲ್ಪ ಬೇಗ ಶುರುವಾಗಿದೆ.’

ದಕ್ಷಿಣದ ಬಯಲುಸೀಮೆಯಿಂದ ಹೋದ ನನಗೆ ಆ ಬಿಳಿ ಕಲ್ಲುಗಳ ಅರ್ಥ ತಿಳಿದಿರಲಿಲ್ಲ. ಕಂದು ಟ್ರೌಟ್ ಮೀನು ಶರತ್ಕಾಲ ಮುಗಿದು ಚಳಿ ಏರುವ ಹೊತ್ತಿನಲ್ಲಿ ಮೊಟ್ಟೆ ಇಡುತ್ತದೆ. ಹೆಣ್ಣು ಮೀನು ಮಗ್ಗುಲಾಗಿ ಮಲಗಿ, ಬಾಲದಿಂದ ಬಡಿದು ಬಡಿದು ಜಲ್ಲಿಯಲ್ಲಿ ಗುಳಿ ತೋಡುತ್ತದೆ. ಮೊಟ್ಟೆ ಇಟ್ಟ ಮೇಲೆ ತುಸು ಮುಂದಕ್ಕೆ ಸರಿದು ಮತ್ತೆ ಜಲ್ಲಿ ಕೆದಕಿ ಗುಳಿಯನ್ನು ಮುಚ್ಚುತ್ತದೆ. ಕಲ್ಲುಗಳ ಸಂದಿನಲ್ಲಿ ಹರಿಯುವ ತಣ್ಣೀರೇ ಆ ಮೊಟ್ಟೆಗಳಿಗೆ ಉಸಿರು. ನೀರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿದ್ದರೆ ಮರಿಯಾಗಲು ಸುಮಾರು ಆರು ವಾರ. ಇನ್ನೂ ತಣ್ಣಗಿದ್ದರೆ ಎರಡು–ಮೂರು ತಿಂಗಳು. ಅಷ್ಟು ಕಾಲ ಆ ಜಲ್ಲಿ ಕದಲಬಾರದು, ಅದರ ಸಂದುಗಳಲ್ಲಿ ಹೂಳು ತುಂಬಬಾರದು, ಮೇಲೆ ಯಾರೂ ನಡೆಯಬಾರದು. ನಾನು ಇಡಲಿದ್ದ ಒಂದು ಹೆಜ್ಜೆಯ ಕೆಳಗೆ ನೂರಾರು ಜೀವಗಳಿದ್ದಿರಬಹುದು.

ದಡದ ಮೇಲಿನಿಂದಲೇ ಕೋಲು ಬೀಸತೊಡಗಿದೆ. ‘ಫ್ಲೈ ಫಿಶಿಂಗ್’ ಎಂದರೆ ನಮ್ಮ ಕೆರೆದಂಡೆಯ ಎರೆಹುಳುವಿನ ಗಾಳದಂಥದಲ್ಲ. ಇಲ್ಲಿ ಗಾಳಕ್ಕೆ ಸಿಕ್ಕಿಸುವುದು ತಿನಿಸನ್ನಲ್ಲ. ಸಣ್ಣ ಕೊಕ್ಕೆಗೆ ಹಕ್ಕಿಯ ಗರಿ, ಪ್ರಾಣಿಯ ಕೂದಲು, ರೇಷ್ಮೆ ದಾರ ಸುತ್ತಿ ಮಾಡಿದ ಹುಸಿ ನೊಣವನ್ನು. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ದಾರಕ್ಕೇ ತೂಕ ಕೊಟ್ಟು, ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ಅದರ ತುದಿಯ ಕೂದಲೆಳೆಯಂಥ ನೈಲಾನಿನ ಕೊನೆಯಲ್ಲಿರುವ ನೊಣ ತಾನಾಗಿಯೇ ನೀರಿಗೆ ಬಿದ್ದಂತೆ ಇಳಿಸಬೇಕು. ಟ್ರೌಟ್ ಸದಾ ಹರಿವಿಗೆ ಎದುರಾಗಿ ಮುಖ ಮಾಡಿ, ಮೇಲಿನಿಂದ ತೇಲಿಬರುವ ಆಹಾರಕ್ಕೆ ಕಾಯುತ್ತದೆ. ಹಾಗಾಗಿ ಗಾಳಗಾರ ಅದರ ಹಿಂದಿನಿಂದ, ಅಂದರೆ ತೊರೆಯ ಕೆಳಗಿನಿಂದ ಮೇಲಕ್ಕೆ, ಕಳ್ಳಹೆಜ್ಜೆ ಹಾಕಬೇಕು. ಶರತ್ಕಾಲದಲ್ಲಿ ಇದು ಇನ್ನೂ ಕಷ್ಟ. ಮಳೆಗಾಲದ ಕೆಂಪು ಇಳಿದು ನೀರು ಗಾಜಿನಷ್ಟು ತಿಳಿಯಾಗಿರುತ್ತದೆ, ಹರಿವು ತಗ್ಗಿರುತ್ತದೆ. ನಮ್ಮ ನೆರಳು ಬಿದ್ದರೂ ಸಾಕು, ಮೀನು ಬಂಡೆಯಡಿ ಮಾಯ.

ಮೊದಲ ಒಂದು ಗಂಟೆಯಲ್ಲಿ ನಾನು ಹಿಡಿದದ್ದು ಮೂರು ಮರದ ಕೊಂಬೆಗಳನ್ನು. ಮಾರ್ಗದರ್ಶಿ ನಗಲಿಲ್ಲ. ತೊರೆಯ ಒಂದು ಕಲ್ಲನ್ನು ಎತ್ತಿ ಮಗುಚಿ ಹಿಡಿದರು. ಅದರ ಅಡಿಯಲ್ಲಿ ಚಪ್ಪಟೆ ಮೈಯ, ಬಾಲದಲ್ಲಿ ಎಳೆಗಳಿದ್ದ ಹುಳುಗಳು. ಮರಳಿನ ಕಣಗಳನ್ನು ಅಂಟಿಸಿಕೊಂಡು ಕಟ್ಟಿದ ಪುಟ್ಟ ಕೊಳವೆಮನೆಗಳು. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಎಂಬ ಕೀಟಗಳ ಬಾಲ್ಯ ಇದು. ತಿಂಗಳುಗಟ್ಟಲೆ, ಕೆಲವು ವರ್ಷಕ್ಕೂ ಮೀರಿ, ನೀರಿನಡಿ ಬದುಕಿ, ಕೊನೆಯ ಕೆಲವೇ ಗಂಟೆ ಅಥವಾ ದಿನಗಳಿಗೆ ಅವು ರೆಕ್ಕೆ ಬಿಚ್ಚಿ ಮೇಲೇಳುತ್ತವೆ. ಕೊಳೆತ ನೀರಿನಲ್ಲಿ ಇವುಗಳಲ್ಲಿ ಹೆಚ್ಚಿನವು ಬಾಳಲಾರವು. ನದಿಯ ಆರೋಗ್ಯ ಅಳೆಯಲು ವಿಜ್ಞಾನಿಗಳು ಇವನ್ನೇ ಎಣಿಸುತ್ತಾರೆ. ಗಾಳಗಾರನೂ ಬೇರೆ ಕಾರಣಕ್ಕೆ ಅದನ್ನೇ ಎಣಿಸುತ್ತಾನೆ. ಕಲ್ಲಿನಡಿ ಏನಿದೆಯೋ ಅದನ್ನು ಹೋಲುವ ನೊಣವನ್ನೇ ಅವನು ಡಬ್ಬಿಯಿಂದ ಆರಿಸಬೇಕು. ಈ ಹವ್ಯಾಸದ ದೊಡ್ಡ ಗುಣವೆಂದರೆ ಇದು: ಮೀನು ಸಿಗಲಿ ಬಿಡಲಿ, ನದಿಯನ್ನು ಹತ್ತಿರದಿಂದ ನೋಡದೆ ಅದು ಮುಂದೆ ಸಾಗುವುದಿಲ್ಲ.

ಇದೇನೂ ಆಂಗ್ಲರು ಕಂಡುಹಿಡಿದ ವಿದ್ಯೆಯಲ್ಲ. ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಮತ್ತು ಗರಿ ಸುತ್ತಿ ಚುಕ್ಕೆಮೀನು ಹಿಡಿಯುತ್ತಿದ್ದರೆಂದು ರೋಮನ್ ಲೇಖಕ ಈಲಿಯನ್ ಸುಮಾರು 1,800 ವರ್ಷಗಳ ಹಿಂದೆಯೇ ಬರೆದ. ನಮ್ಮ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ಕ್ಕೇ ಒಂದು ಭಾಗ ಮೀಸಲಾಗಿದೆ. ಮೀನುಗಳ ಬಗೆ, ಅವಕ್ಕೆ ಹಾಕಬೇಕಾದ ತಿನಿಸು, ಗಾಳ ಹಾಕುವ ರೀತಿ ಎಲ್ಲವನ್ನೂ ಅರಸ ವಿವರಿಸುತ್ತಾನೆ. ಗಾಳ ಹಾಕುವುದು ಹೊಟ್ಟೆಪಾಡು ಮಾತ್ರವಲ್ಲ, ವಿನೋದವೂ ಹೌದೆಂದು ಕನ್ನಡನಾಡಿನ ಅರಮನೆಗೆ ಆಗಲೇ ಗೊತ್ತಿತ್ತು.

ಆದರೆ ಟ್ರೌಟ್ ಮಾತ್ರ ಅಪ್ಪಟ ಪರದೇಶಿ. ಭಾರತದ ಯಾವ ನದಿಯಲ್ಲೂ ಅದು ತಾನಾಗಿ ಇರಲಿಲ್ಲ. ತಾಯ್ನಾಡಿನ ತೊರೆಗಳ ನೆನಪಿನಲ್ಲಿ ಕೊರಗುತ್ತಿದ್ದ ಬ್ರಿಟಿಷ್ ಅಧಿಕಾರಿಗಳು ಅದನ್ನು ಹಡಗಿನಲ್ಲಿ ಮೊಟ್ಟೆಯ ರೂಪದಲ್ಲಿ ತಂದರು. ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲೇ ನಮ್ಮ ನೆರೆಯ ನೀಲಗಿರಿಯಲ್ಲಿ ಪ್ರಯತ್ನಿಸಿ ಸೋತ. ಕಾಶ್ಮೀರಕ್ಕೆ 1899ರಲ್ಲಿ ಬಂದ ಮೊದಲ ಕಂತು ದಾರಿಯಲ್ಲೇ ಹಾಳಾಯಿತು. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದದ್ದು ಉಳಿಯಿತು. ನೀಲಗಿರಿಯಲ್ಲಿ ಎಚ್.ಸಿ. ವಿಲ್ಸನ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವಲಾಂಚೆಯ ಮರಿಕೇಂದ್ರ ಕಟ್ಟಿ ಕಾಮನಬಿಲ್ಲು ಟ್ರೌಟನ್ನು ನೆಲೆಗೊಳಿಸಿದ. ಕುಲ್ಲು ಕಣಿವೆಗೆ 1909ರಲ್ಲಿ ಕಾಶ್ಮೀರದ ಮೊಟ್ಟೆಗಳನ್ನು ತರಿಸಿ, ಬಿಯಾಸ್ ನದಿಯ ದಡದ ಮಹಿಲಿಯಲ್ಲಿ ಮರಿ ಮಾಡಿಸಿದವನು ಅಲ್ಲಿನ ಅಧಿಕಾರಿ ಹೊವೆಲ್. ಆ ಮೀನಿನ ಸಂತತಿಯೇ ಇಂದು ತೀರ್ಥನ್, ಫಲಾಚನ್‌ಗಳಲ್ಲಿ ಓಡಾಡುತ್ತಿರುವುದು. 1947ರಲ್ಲಿ ದೊರೆಗಳು ಹೋದರು. ಅವರ ಮೀನು ಉಳಿಯಿತು.

ಕಥೆ ಇಷ್ಟೇ ಆಗಿದ್ದರೆ ಅದು ವಸಾಹತುಶಾಹಿಯ ಇನ್ನೊಂದು ಪಳೆಯುಳಿಕೆ ಎಂದು ಬದಿಗಿಡಬಹುದಿತ್ತು. ಆದರೆ ಈ ಮೀನು ಮುಂದೆ ಯಾರೂ ನಿರೀಕ್ಷಿಸದ ಒಂದು ಕೆಲಸ ಮಾಡಿತು. ಅದು ನದಿಯ ಪರ ಸಾಕ್ಷಿ ನುಡಿಯಿತು.

ಮನಾಲಿಯ ಹೆದ್ದಾರಿ ಬಿಟ್ಟು ಬಂಜಾರ್ ಕಡೆ ತಿರುಗುವಲ್ಲಿ ಲಾರ್ಜಿ ಎಂಬ ಊರಿದೆ. ತೀರ್ಥನ್ ಮತ್ತು ಸೈಂಜ್ ಎಂಬ ಅಕ್ಕತಂಗಿಯರು ಅಲ್ಲಿಗೆ ಬಂದು ಬಿಯಾಸ್ ಸೇರುತ್ತಾರೆ. ಅಕ್ಕಪಕ್ಕದ ಕಣಿವೆಗಳಲ್ಲಿ ಹುಟ್ಟಿದ ಈ ಇಬ್ಬರ ಪಾಡು ಮಾತ್ರ ಬೇರೆ ಬೇರೆ. ಸೈಂಜ್ ಕಣಿವೆಯಲ್ಲಿ 520 ಮೆಗಾವಾಟ್‌ನ ಪಾರ್ವತಿ–3 ಮತ್ತು 100 ಮೆಗಾವಾಟ್‌ನ ಸೈಂಜ್ ವಿದ್ಯುತ್ ಯೋಜನೆಗಳು ಎದ್ದಿವೆ. ನೀರು ಸುರಂಗ ಹೊಕ್ಕು ಬಹುದೂರ ಸಾಗುತ್ತದೆ. ನದಿಯ ಪಾತ್ರದಲ್ಲಿ ಉಳಿಯುವುದು ಬಂಡೆಗಳು ಮತ್ತು ಒಂದಿಷ್ಟು ತೇವ. ಕೆಳಗೆ ಬಿಯಾಸ್‌ಗೆ 126 ಮೆಗಾವಾಟ್‌ನ ಲಾರ್ಜಿ ಅಣೆಕಟ್ಟು. ಅಣೆಕಟ್ಟಿನ ಕೆಳಗಿನ ನದಿ ಋತುವಿನ ಲೆಕ್ಕದಲ್ಲಿ ಹರಿಯುವುದಿಲ್ಲ, ಗೇಟಿನ ಲೆಕ್ಕದಲ್ಲಿ ಹರಿಯುತ್ತದೆ. 2014ರ ಜೂನ್ 8ರ ಸಂಜೆ ಅಲ್ಲಿಂದ ಹಠಾತ್ತಾಗಿ ಬಿಟ್ಟ ನೀರಿನಲ್ಲಿ ಹೈದರಾಬಾದಿನ 24 ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು.

ತೀರ್ಥನ್‌ಗೂ ಇದೇ ಗತಿ ಕಾದಿತ್ತು. ಅದರ ಮೇಲೂ ಅದರ ಉಪತೊರೆಗಳ ಮೇಲೂ ಹಲವು ಕಿರು ವಿದ್ಯುತ್ ಯೋಜನೆಗಳ ಪ್ರಸ್ತಾಪ ಬಂದಾಗ ಕಣಿವೆಯ ಜನ ಎದ್ದು ನಿಂತರು. ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಮುಂದಾಳತ್ವ ವಹಿಸಿದರು. ಹೋರಾಟ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕೊನೆಗೆ ರಾಜ್ಯದ ಜಲವಿದ್ಯುತ್ ನೀತಿಯೇ ತೀರ್ಥನ್ನನ್ನು ಯೋಜನೆಗಳಿಂದ ಹೊರಗಿಟ್ಟಿತು. ಜನರ ಬಳಿ ವಾದಗಳು ಹಲವಿದ್ದವು: ಕುಡಿಯುವ ನೀರು, ಗದ್ದೆಯ ಕಾಲುವೆ, ನೀರು ತಿರುಗಿಸುವ ಬೀಸುಕಲ್ಲುಗಳು, ದೇವತೆಗಳ ಸ್ನಾನಘಟ್ಟಗಳು, ಮೇಲಿನ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ. ಆದರೆ ಸರ್ಕಾರಿ ಕಡತಕ್ಕೆ ಸುಲಭವಾಗಿ ಅರ್ಥವಾದ ವಾದಗಳಲ್ಲಿ ಒಂದು ಟ್ರೌಟ್. ಈ ನದಿ ದೇಶದ ಹೆಸರಾಂತ ಟ್ರೌಟ್ ನದಿ, ಇಲ್ಲಿಗೆ ಗಾಳಗಾರರು ಬರುತ್ತಾರೆ, ಅವರು ಉಳಿದುಕೊಳ್ಳುವ ಮನೆಗಳಿಂದ ಊರಿಗೆ ದುಡಿಮೆ ಇದೆ, ಹರಿವು ನಿಂತರೆ ಇದೆಲ್ಲ ನಿಲ್ಲುತ್ತದೆ ಎಂಬ ಮಾತಿಗೆ ಲೆಕ್ಕದ ಬಲವಿತ್ತು. ಮೇಲಿನ ರಾಷ್ಟ್ರೀಯ ಉದ್ಯಾನಕ್ಕೆ 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮಾನ್ಯತೆಯೂ ಬಂತು.

ನದಿಗೆ ನದಿಯೆಂಬ ಕಾರಣಕ್ಕೇ ಉಳಿಯುವ ಹಕ್ಕು ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ. ಅದು ಯಾರಿಗೋ ಬೇಕಾಗಿರಬೇಕು. ಒಬ್ಬ ದೇವರಿಗೆ, ಒಂದು ಪೈರಿಗೆ, ಇಲ್ಲವೇ ಒಂದು ಮೀನಿಗೆ. ಬಂಜಾರ್ ಕಣಿವೆಯ ಅಧಿದೇವತೆ ಶೃಂಗ ಋಷಿ. ನಮ್ಮ ಶೃಂಗೇರಿಗೆ ಹೆಸರು ಕೊಟ್ಟ ಋಷ್ಯಶೃಂಗನೇ ಅವನು. ಶೃಂಗೇರಿಯ ತುಂಗೆಯ ಘಟ್ಟದಲ್ಲಿ ‘ದೇವರ ಮೀನು’ಗಳು ಯಾರ ಭಯವೂ ಇಲ್ಲದೆ ಮಂಡಕ್ಕಿ ತಿನ್ನುವುದನ್ನು ನಾವೆಲ್ಲ ನೋಡಿದ್ದೇವೆ. ಶಿಶಿಲದ ಕಪಿಲೆಯಲ್ಲೂ ಹಾಗೆಯೇ. ಭಕ್ತಿ ಒಂದು ಘಟ್ಟದಷ್ಟು ನೀರನ್ನು ಕಾಯುತ್ತದೆ. ತೀರ್ಥನ್‌ನಲ್ಲಿ ಒಂದು ಹವ್ಯಾಸ ಇಡೀ ನದಿಯ ಕಾವಲಿಗೆ ಕೈಜೋಡಿಸಿತು.

ಇಷ್ಟಕ್ಕೇ ಮಂಗಳ ಹಾಡಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಂದು ಟ್ರೌಟ್ ಜಗತ್ತಿನ ನೂರು ಅತಿ ಅಪಾಯಕಾರಿ ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಹಿಮಾಲಯದ ತೊರೆಗಳ ಮೂಲನಿವಾಸಿ ‘ಅಸೇಲ’ ಎಂಬ ಮೀನು. ಹಸಿರು ಮಿಶ್ರಿತ ಬೆಳ್ಳಿಬಣ್ಣದ, ಬಂಡೆಯ ಪಾಚಿ ಕೆರೆದು ತಿನ್ನುವ ಸಾಧು. ಅದು ಕಾರ್ಪ್ ಕುಲಕ್ಕೆ ಸೇರಿದ್ದರೂ ಆಂಗ್ಲರು ಅದಕ್ಕೆ ‘ಹಿಮ ಟ್ರೌಟ್’ ಎಂದು ತಮ್ಮ ಮೀನಿನ ಹೆಸರನ್ನೇ ಇಟ್ಟರು. ಮನೆಯ ಮಗನನ್ನು ಅತಿಥಿಯ ಹೆಸರಿನಿಂದ ಕರೆದ ಹಾಗೆ. ಬೇಟೆಗಾರ ಟ್ರೌಟ್ ಅಸೇಲದ ಮರಿಗಳನ್ನು ತಿನ್ನುತ್ತದೆ, ಅದರ ಮಡುಗಳನ್ನು ಆಕ್ರಮಿಸುತ್ತದೆ. ಅಣೆಕಟ್ಟು, ಅತಿಯಾದ ಬೇಟೆ, ಪರದೇಶಿ ಮೀನು ಎಲ್ಲವೂ ಸೇರಿ ಅಸೇಲ ಇಂದು ಅಪಾಯಕ್ಕೆ ಒಡ್ಡಿಕೊಂಡ ಜೀವಿಗಳ ಸಾಲಿಗೆ ಬಂದಿದೆ. ಅದನ್ನು ಹಿಡಿಯಲೆಂದು ಯಾರೂ ಸಾವಿರಾರು ರೂಪಾಯಿ ಖರ್ಚು ಮಾಡಿ ಬರುವುದಿಲ್ಲ. ಹಾಗಾಗಿ ಅದರ ಪರವಾಗಿ ಮಾತನಾಡುವವರೂ ಕಡಿಮೆ. ಟ್ರೌಟ್‌ಗಾಗಿ ಉಳಿದ ನದಿಯಲ್ಲಿ ಅಸೇಲಕ್ಕೂ ನೀರಿದೆ, ನೆಮ್ಮದಿ ಇಲ್ಲ. ನದಿಯೇ ಸುರಂಗ ಸೇರಿದ್ದರೆ ಎರಡೂ ಇರುತ್ತಿರಲಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ.

ನಮ್ಮ ಕಾವೇರಿಯಲ್ಲಿ ಇದೇ ಪಾಠ ಬೇರೆ ರೂಪದಲ್ಲಿ ನಡೆದಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಜಗತ್ತಿನ ಗಾಳಗಾರರೆಲ್ಲ ಇಂದಿಗೂ ನೆನೆಯುವ ದಾಖಲೆ. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಕೆಲವು ಭಾಗಗಳನ್ನು ಗುತ್ತಿಗೆ ಪಡೆದು, ಸ್ಥಳೀಯರನ್ನೇ ಕಾವಲಿಗಿಟ್ಟು, ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಪದ್ಧತಿ ಬೆಳೆಸಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳು ಹೆಸರು ಮಾಡಿದವು. ಆದರೆ ಮೀನಿನ ಸಂಖ್ಯೆ ಹೆಚ್ಚಿಸುವ ಸದುದ್ದೇಶದಿಂದ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರನ್ನು ಹಿಂದಕ್ಕೆ ತಳ್ಳಿತು. ಆ ಗೂನುಬೆನ್ನಿನ ಮೀನಿಗೆ ವಿಜ್ಞಾನಿಗಳು ಖಚಿತವಾಗಿ ಒಂದು ವೈಜ್ಞಾನಿಕ ಹೆಸರು ಗುರುತಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಇತ್ತ ವನ್ಯಧಾಮದೊಳಗೆ ಗಾಳ ಹಾಕುವುದು ಕಾನೂನುಬಾಹಿರವೆಂದು ಶಿಬಿರಗಳ ಗಾಳಗಾರಿಕೆ ನಿಂತಿತು. ನಿಯಮ ಸರಿಯೇ ಇರಬಹುದು. ಆದರೆ ಗಾಳಗಾರರು ಹೋದ ಮೇಲೆ ದಡದ ಕಾವಲೂ ಸಡಿಲವಾಯಿತು, ಸಿಡಿಮದ್ದಿನವರಿಗೆ ದಾರಿ ಸುಗಮವಾಯಿತು ಎಂಬುದು ಆ ನದಿಯನ್ನು ಬಲ್ಲವರ ಕೊರಗು. ಯಾರನ್ನು ಒಳಗೆ ಬಿಡಬೇಕು ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು, ಹೊರಗೆ ಕಳಿಸಿದವರ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂಬುದು.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ತೊರೆಯೊಳಗೆ ಇಳಿಯಿತು. ಆಚೆ ಇಳಿಜಾರಿನ ಮನೆಗಳ ಕಲ್ಲುಹೆಂಚಿನ ಮೇಲೆ ಮೆಕ್ಕೆಜೋಳದ ತೆನೆಗಳು ಒಣಗುತ್ತಿದ್ದವು. ಕಂದು ಬಣ್ಣದ ಡಿಪ್ಪರ್ ಹಕ್ಕಿಯೊಂದು ಬಂಡೆಯಿಂದ ನೇರವಾಗಿ ನೀರಿಗಿಳಿದು, ತಳದಲ್ಲಿ ನಡೆದಾಡಿ, ಹುಳು ಕಚ್ಚಿಕೊಂಡು ಮೇಲೆ ಬಂತು. ಹೊಸ ನೊಣ ಕಟ್ಟಿಕೊಂಡು ಬೀಸಿದ ಹತ್ತನೆಯದೋ ಹನ್ನೊಂದನೆಯದೋ ಬೀಸಿಗೆ ದಾರ ಒಮ್ಮೆ ನಿಂತು ಬಿಗಿಯಾಯಿತು. ಒಂಬತ್ತು ಅಂಗುಲದ ಕಂದು ಟ್ರೌಟ್. ಬೆಣ್ಣೆ ಬಣ್ಣದ ಹೊಟ್ಟೆ, ಮಗ್ಗುಲಲ್ಲಿ ಬಿಳಿ ಉಂಗುರದೊಳಗಿನ ಕೆಂಪು ಚುಕ್ಕೆಗಳು. ಕೈ ಒದ್ದೆ ಮಾಡಿಕೊಳ್ಳಿ ಎಂದರು ಮಾರ್ಗದರ್ಶಿ. ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತು ರೋಗ ಹತ್ತುತ್ತದೆ. ಮುಳ್ಳಿಲ್ಲದ ಕೊಕ್ಕೆ ಸುಲಭವಾಗಿ ಬಿಟ್ಟಿತು. ಹರಿವಿಗೆ ಮುಖ ಮಾಡಿಸಿ ಹಿಡಿದೆ. ಎರಡು ಉಸಿರು, ಮೂರು ಉಸಿರು, ಮೀನು ಹೋಯಿತು.

ಬಿಡುವುದಾದರೆ ಹಿಡಿಯುವುದೇಕೆ ಎಂದು ಓದುಗರು ಕೇಳಬಹುದು. ಮನೆಯಲ್ಲಿ ನನ್ನ ಹೆಂಡತಿಯೂ ಇದನ್ನೇ ಕೇಳುತ್ತಾಳೆ. ಕೊಕ್ಕೆ ಮೀನಿಗೆ ನೋವು ಕೊಡುವುದಿಲ್ಲವೆಂದು ವಾದಿಸುವ ಧೈರ್ಯ ನನಗಿಲ್ಲ. ಈ ವಿನೋದದಲ್ಲಿ ಹಿಂಸೆಯ ಪಾಲು ಇದೆ. ಅದರ ಬೆಲೆಯನ್ನು ನದಿಗೆ ಹಿಂದಿರುಗಿಸುವ ಹೊಣೆಯೂ ಗಾಳ ಹಿಡಿದವನ ಮೇಲಿದೆ ಎಂದಷ್ಟೇ ಹೇಳಬಲ್ಲೆ.

ಆ ಹೊಣೆ ಹಗುರವಾಗುತ್ತಿಲ್ಲ. ವಿದ್ಯುತ್ ಯೋಜನೆಗಳಿಂದ ಪಾರಾದ ಕಣಿವೆ ಈಗ ತನ್ನ ಹೆಸರಿನ ಭಾರ ಹೊರುತ್ತಿದೆ. ನದಿ ನೋಡಲು ಬರುವವರಿಗಾಗಿ ನದಿಯ ಅಂಚಿಗೇ ವಸತಿಗೃಹಗಳು ಬರುತ್ತಿವೆ. ಬೆಟ್ಟ ಕಡಿದು ರಸ್ತೆ ಮಾಡಿದ ಮಣ್ಣು ಇಳಿಜಾರಿನಲ್ಲಿ ಜಾರಿ ತೊರೆಗೆ ಬಿದ್ದರೆ ಜಲ್ಲಿಯ ಸಂದು ಮುಚ್ಚಿ ಮೊಟ್ಟೆಗಳು ಉಸಿರುಗಟ್ಟುತ್ತವೆ. ಟ್ರೌಟ್‌ಗೆ ನೀರು 20 ಡಿಗ್ರಿ ದಾಟಿದರೆ ಸಂಕಟ, 25ರ ಹತ್ತಿರ ಬಂದರೆ ಪ್ರಾಣಕ್ಕೇ ಅಪಾಯ. ಬಿಸಿಯಾಗುತ್ತಿರುವ ಭೂಮಿಯಲ್ಲಿ ಅದು ಮೇಲೆ ಮೇಲೆ ಹತ್ತಬೇಕು, ತೊರೆಗೆ ಮಾತ್ರ ಒಂದು ತುದಿ ಇದೆ. 2023ರ ಜುಲೈ ಪ್ರವಾಹದಲ್ಲಿ ಕುಲ್ಲು ಜಿಲ್ಲೆಯ ನದಿಗಳು ದಡದ ಮೇಲೆ ಕಟ್ಟಿದ್ದನ್ನೆಲ್ಲ ಹೊತ್ತೊಯ್ದಾಗ, ನದಿಯ ಜಾಗ ಎಷ್ಟೆಂಬುದನ್ನು ನದಿಯೇ ಅಳೆದು ತೋರಿಸಿತು. ಅಣೆಕಟ್ಟಿಗೆ ಬೇಡ ಎನ್ನಲು ಒಂದು ಚಳವಳಿ ಸಾಕಾಯಿತು. ನಮ್ಮದೇ ಸಣ್ಣ ಸಣ್ಣ ಬಯಕೆಗಳಿಗೆ ಬೇಡ ಎನ್ನಲು ದಿನನಿತ್ಯದ ಶಿಸ್ತು ಬೇಕು.

ಆ ಶಿಸ್ತು ಹೇಗಿರುತ್ತದೆ ಎಂಬುದನ್ನು ಅಂದೇ ಕಂಡೆ. ಮೇಲಿನ ಮಡುವಿಗೆ ಹೋಗುವ ದಾರಿಯಲ್ಲಿ ಮಾರ್ಗದರ್ಶಿ ಬಂಡೆಯ ಮರೆಗೆ ಕುಳಿತು, ನನ್ನನ್ನೂ ಕುಳಿತುಕೊಳ್ಳಲು ಸನ್ನೆ ಮಾಡಿದರು. ಗೇಣುದ್ದದ ತಿಳಿನೀರಿನಲ್ಲಿ ಎರಡು ದೊಡ್ಡ ಟ್ರೌಟ್‌ಗಳು. ಬೆಳಗಿನಿಂದ ನಾನು ಹಂಬಲಿಸಿದ ಗಾತ್ರ. ಹೆಣ್ಣು ಮಗ್ಗುಲಾಗಿ ಬಾಲ ಬಡಿಯುತ್ತಿತ್ತು, ಪ್ರತಿ ಬಡಿತಕ್ಕೂ ಮರಳಿನ ಸಣ್ಣ ಮೋಡ ಏಳುತ್ತಿತ್ತು. ಗಂಡು ಪಕ್ಕದಲ್ಲೇ ಕಾವಲಿತ್ತು. ನಾವು ಬಂದದ್ದು ಅವಕ್ಕೆ ತಿಳಿದಿತ್ತೇನೋ, ಆದರೂ ಕದಲಲಿಲ್ಲ. ಒಂದು ನೊಣ ಎಸೆದಿದ್ದರೆ ಸಾಕಿತ್ತು. ಕಾನೂನಿನ ಪ್ರಕಾರ ಅದು ತಪ್ಪೂ ಆಗುತ್ತಿರಲಿಲ್ಲ. ನವೆಂಬರ್ ಇನ್ನೂ ಬಂದಿರಲಿಲ್ಲ.

ಮಾರ್ಗದರ್ಶಿ ಏನೂ ಹೇಳಲಿಲ್ಲ, ನನ್ನ ಮುಖವನ್ನಷ್ಟೇ ನೋಡಿದರು. ನಾನು ದಾರ ಸುತ್ತಿದೆ. ಇಬ್ಬರೂ ಬಂಡೆಯ ಹಿಂದಿನಿಂದಲೇ ಎದ್ದು, ನೀರಿಗೆ ಕಾಲು ತಾಗಿಸದೆ, ದೇವದಾರುಗಳ ನಡುವಿನ ಕಾಲುದಾರಿ ಹಿಡಿದು ಗುಶೈನಿಗೆ ಇಳಿದೆವು. ಜೇಬಿನ ಪರವಾನಗಿ ಚೀಟಿಯಲ್ಲಿ ಇನ್ನೂ ಅರ್ಧ ದಿನ ಬಾಕಿಯಿತ್ತು.